ಹಕ್ಕಿಗಳ ನಡತೆಯನ್ನು ಕಂಡು ಬರೆಯುವ ಕ್ರಮ

‘ಇಂದು ಬೆಳಿಗ್ಗೆ ಮಡಿವಾಳ ಹಕ್ಕಿಯು ಬಹು ಸಂತೋಷದಿಂದ ಹಾಡಿತು.’ ಹಕ್ಕಿಗಳನ್ನು ಕುರಿತು ನಾಲ್ಕು ವಾಕ್ಯಗಳನ್ನು ಬರೆಯಿರೆಂದು ಹೇಳಿದರೆ ನಮ್ಮ ಬಾಲಿಕೆಯರಲ್ಲಿ ಹೆಚ್ಚಿನವರು ಇಂಥದೊಂದು ವಾಕ್ಯವನ್ನು ಬರೆಯದೆ ಬಿಡರು. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವೇನೂ ಇಲ್ಲ. ಆದರೆ ಇದರಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ವಿಚಾರಿಸೋಣ. ಹಾಡಿದ್ದು ಕಿವಿಗೆ ಕೇಳಿದ ಸಂಗತಿ. ಹಾಡಿದ್ದು ಮಡಿವಾಳ ಹಕ್ಕಿಯೆಂಬುದು ಕಣ್ಣಿಗೆ ಕಂಡ ಸಂಗತಿ. ‘ಬೆಳಿಗ್ಗೆ’ ಎಂಬುದು ಅರ್ಧ ಸಂಗತಿ. ಐದೂವರೆ ಗಂಟೆಯೋ ಒಂಬತ್ತು ಗಂಟೆಯೋ ತಿಳಿಯದು. ಸಂತೋಷವನ್ನಂತೂ ಯಾರೂ ಕಂಡಿಲ್ಲ. ಅದು ಬರೆದವಳ ಸಂತೋಷ. ಹಕ್ಕಿಯದೆಂದು ಹೇಳಲು ಆಧಾರವಿಲ್ಲ.

ಇಷ್ಟು ಸಣ್ಣ ವಾಕ್ಯಕ್ಕೆ ಇಷ್ಟು ದೊಡ್ಡ ವಿಚಾರಣೆಯೇ ಎಂದು ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಕೇಳಬಹುದು. ಕಾರಣವುಂಟು. ‘ಸಂತೋಷದಿಂದ’ ಎಂದು ಬರೆದ ಕ್ಷಣದಲ್ಲಿ ಹಕ್ಕಿಯು ಯಾಕೆ ಹಾಡಿತೆಂಬ ಪ್ರಶ್ನೆಗೆ ಉತ್ತರ ದೊರಕಿತೆಂದು ಮನಸ್ಸು ಸುಮ್ಮನಾಗುವುದು. ಮತ್ತೆ ನೋಡುವ ಗೊಡವೆ ಇರುವುದಿಲ್ಲ. ಅದೇ ಹುಡುಗಿಯು ಆ ಒಂದು ಮಾತನ್ನು ಬಿಟ್ಟು, ಹಕ್ಕಿಯು ಎಲ್ಲಿ ಕೂತು ಹಾಡಿತು, ಎಷ್ಟು ಹೊತ್ತು ಹಾಡಿತು, ಹಾಡುವಾಗ ಬಾಲವನ್ನು ಏನು ಮಾಡಿತು, ಬೇರೊಂದು ಗಂಡು ಹಕ್ಕಿ ಎದುರು ಹಾಡಿತೋ ಎಂದು ಹದಿನೈದು ದಿವಸ ಬರೆದಳಾದರೆ, ಕೆಲವು ವಿಷಯಗಳು ತಾವಾಗಿಯೇ ಹೊರಬೀಳುವುವು. ಹಕ್ಕಿಯು ಹಾಡುವುದಕ್ಕೆ ಆರಿಸಿಕೊಳ್ಳುವ ಸ್ಥಳಗಳು ಮೂರೋ ನಾಲ್ಕೋ. ಮನೆಯ ಮೋಂತಾಯ, ತೆಂಗಿನ ಮರದ ಒಣಗಿದ ತುದಿ, ವಿದ್ಯುತ್ ಕಂಬ. ಈ ಸ್ಥಳಗಳನ್ನು ಒಂದು ಕಾಗದದ ಮೇಲೆ ಗುರುತಿಸಿ ಗೆರೆಯಿಂದ ಕೂಡಿಸಿದರೆ ಒಂದು ಆವರಣವಾಗುವುದು. ಆ ಗೆರೆಯ ಆಚೆ ಇನ್ನೊಂದು ಗಂಡಿನ ಹಾಡು. ಮಾರ್ಚ್ ತಿಂಗಳಿಂದ ಮಳೆಗಾಲದ ನಡುವಿನ ತನಕ ಹೀಗೆ. ಚಳಿಯ ತಿಂಗಳುಗಳಲ್ಲಿ ಅದೇ ಹಕ್ಕಿಯು ಬಹುಮಟ್ಟಿಗೆ ಮೌನ. ಅಂದರೆ ಹಾಡಿಗೂ ಗೂಡಿನ ಕಾಲಕ್ಕೂ ನೆಲದ ಹಕ್ಕಿಗೂ ಸಂಬಂಧವುಂಟೆಂದು ಪುಸ್ತಕವೇ ಹೇಳಿಬಿಡುತ್ತದೆ.

ಈ ತರದ ನೋಟದಿಂದಲೇ ಇಂಗ್ಲೆಂಡಿನಲ್ಲಿ ಒಬ್ಬ ಶಾಲಾ ಉಪಾಧ್ಯಾಯರು ದೊಡ್ಡ ಕೆಲಸವನ್ನು ಮಾಡಿದರು. ಡೇವಿಡ್ ಲ್ಯಾಕ್ ಎಂಬವರು ಡೆವನ್ ಪ್ರಾಂತದ ಡಾರ್ಟಿಂಗ್ಟನ್ ಹಾಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಸುತ್ತಲಿನ ರಾಬಿನ್ ಹಕ್ಕಿಗಳ ಕಾಲಿಗೆ ಬಣ್ಣಬಣ್ಣದ ಸಣ್ಣ ಬಳೆಗಳನ್ನು ತೊಡಿಸಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಗುರುತಿಸಿ ಅವುಗಳ ನಡತೆಯನ್ನು ಬರೆದಿಟ್ಟರು. ೧೯೪೩ರಲ್ಲಿ ಅದು ಪುಸ್ತಕವಾಗಿ ಬಂತು. ಆ ದೇಶದಲ್ಲಿ ಕ್ರಿಸ್ಮಸ್ ಕಾರ್ಡುಗಳ ಮೇಲೆಲ್ಲ ಕಾಣುವ, ಸಾಧುವೆಂದು ಮಕ್ಕಳು ಮುದ್ದಿಸುವ ಈ ಕೆಂಪೆದೆಯ ಹಕ್ಕಿಯು ತನ್ನ ಜಾಗದ ವಿಷಯದಲ್ಲಿ ಎಷ್ಟು ಜಗಳಗಂಟಿಯೆಂದರೆ, ಬರಿಯ ಕೆಂಪು ಗರಿಗಳ ಒಂದು ಮುದ್ದೆಯನ್ನು ತಂತಿಗೆ ಕಟ್ಟಿ ನಿಲ್ಲಿಸಿದರೂ ಅದರ ಮೇಲೆ ಎರಗಿತಂತೆ. ಎದೆಗೆ ಇನ್ನೂ ಕೆಂಪು ಬಾರದ ಎಳೆಯ ರಾಬಿನ್ನಿನ ಪೂರ್ಣ ಬೊಂಬೆಯನ್ನು ಇಟ್ಟರೆ ಹೆಚ್ಚಾಗಿ ಲಕ್ಷಿಸಲಿಲ್ಲ. ಶರತ್ಕಾಲದಲ್ಲಿ ಹೆಣ್ಣುಗಳೂ ಪ್ರತ್ಯೇಕ ಜಾಗವನ್ನು ಹಿಡಿದು ಹಾಡುವುವೆಂದೂ ಅವರು ತೋರಿಸಿದರು. ನಾವು ಬೊಂಬೆಗಳನ್ನು ಮಾಡಬೇಕಾಗಿಲ್ಲ. ಅಂಗಳದಲ್ಲಿ ನಿಲ್ಲಿಸಿದ ಸ್ಕೂಟರಿನ ಕನ್ನಡಿಯನ್ನು ಮಡಿವಾಳ ಹಕ್ಕಿಯೂ ಸೂರಕ್ಕಿಯೂ ಕುಕ್ಕುವುದನ್ನು ಎಲ್ಲರೂ ಕಂಡಿದ್ದೇವೆ. ‘ಚಂದ ನೋಡಿಕೊಳ್ಳುತ್ತದೆ’ ಎಂದು ನಗುವುದಕ್ಕಿಂತ, ಯಾವ ತಿಂಗಳಲ್ಲಿ ಕುಕ್ಕಿತು, ಗಂಡೋ ಹೆಣ್ಣೋ, ಕನ್ನಡಿಗೆ ಬಟ್ಟೆ ಮುಚ್ಚಿದ ಮೇಲೆ ಏನು ಮಾಡಿತು ಎಂದು ಬರೆದರೆ ಲ್ಯಾಕರ ಪಾಠದ ಒಂದು ತುಣುಕು ನಮ್ಮ ಅಂಗಳದಲ್ಲಿಯೇ ಆಗುವುದು. ಬಟ್ಟೆಯನ್ನು ಅವಶ್ಯ ಮುಚ್ಚಿರಿ. ಹಕ್ಕಿಯು ತನ್ನ ನೆರಳಿನೊಂದಿಗೆ ಜಗಳವಾಡಿ ಬಳಲುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ನೋಡುವುದಕ್ಕೆ ನಮಗೆ ದೊರೆತ ನೆಲವು ಸಾಮಾನ್ಯವಾದುದಲ್ಲ. ಬ್ರಹ್ಮಾವರದಲ್ಲಿ ಸೀತಾ ಸುವರ್ಣಾ ನದಿಗಳ ಹಿನ್ನೀರು, ಕುಂದಾಪುರದಲ್ಲಿ ಪಂಚಗಂಗಾವಳಿಯ ಕೆಸರುದಿಣ್ಣೆಗಳು, ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ, ಬೈಂದೂರಿನ ಒತ್ತಿನೆಣೆಯ ಗುಡ್ಡ, ಪೂರ್ವಕ್ಕೆ ಕೊಲ್ಲೂರಿನ ಕಾಡು. ಒಂದೇ ದಿವಸದಲ್ಲಿ ಬಸ್ಸಿನಲ್ಲಿ ಹೋಗಿಬರಬಹುದಾದ ಈ ಅಂತರದೊಳಗೆ ಕಡಲಕ್ಕಿಯಿಂದ ಮಂಗಟ್ಟೆಯವರೆಗೆ ಎಲ್ಲವೂ ಉಂಟು. ಆದರೆ ದೂರ ಹೋಗುವ ಆಸೆಯನ್ನು ಮೊದಲ ವರ್ಷ ಬಿಟ್ಟುಬಿಡುವುದೇ ಲೇಸು. ನಡತೆಯನ್ನು ತಿಳಿಯಬೇಕಾದರೆ ಒಂದೇ ಹಕ್ಕಿಯನ್ನು ಪುನಃ ಪುನಃ ನೋಡಬೇಕು. ಅದು ಸಾಧ್ಯವಾಗುವುದು ಮನೆಯ ಬಳಿಯಲ್ಲಿ.

ಪುಸ್ತಕದ ವಿಷಯ. ಬೆಲೆಯುಳ್ಳ ಪುಸ್ತಕ ಬೇಡ. ಕಿಸೆಯಲ್ಲಿ ಹಿಡಿಯುವಂಥದೂ ಒಂದು ಪೆನ್ಸಿಲೂ ಸಾಕು. ಮಳೆಗಾಲದಲ್ಲಿ ಶಾಯಿಯು ಹರಡುವುದು, ಪೆನ್ಸಿಲು ಹರಡದು. ತಾರೀಕು, ಗಂಟೆ, ಸ್ಥಳ, ಮಳೆಯೋ ಬಿಸಿಲೋ, ಹಕ್ಕಿಗಳೆಷ್ಟು, ಏನು ಮಾಡಿದುವು, ಎಷ್ಟು ನಿಮಿಷ. ಇವುಗಳನ್ನು ಅಲ್ಲಿಯೇ ನಿಂತು ಬರೆಯತಕ್ಕದ್ದು. ಮನೆಗೆ ಬಂದು ಊಟವಾದ ಮೇಲೆ ಬರೆಯುವುದು ಕಥೆಯಾಗುತ್ತದೆ. ಪುಟದ ಬಲಗಡೆಯಲ್ಲಿ ಒಂದು ಗೆರೆ ಎಳೆದು, ‘ಹೀಗಿರಬಹುದು’ ಎಂದು ನಮಗೆ ತೋರಿದ್ದನ್ನೆಲ್ಲ ಆ ಗೆರೆಯ ಆಚೆಗೆ ಹಾಕಬೇಕು. ಹೆಸರು ತಿಳಿಯದಿದ್ದರೆ ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಯಿರಿ. ಒಂದೇ ಹಕ್ಕಿಯನ್ನು ಕನ್ನಡದ ಮನೆಯಲ್ಲಿ ಕೆಂಬೂತವೆಂದೂ ತುಳುವಿನ ಮನೆಯಲ್ಲಿ ಕುಪ್ಪುಳು ಎಂದೂ ಕರೆಯುವರು, ಎರಡೂ ಸರಿ. ಗ್ರಂಥದ ಹೆಸರನ್ನು ಆಮೇಲೆ ಚಿತ್ರ ನೋಡಿ ಕೂಡಿಸಬಹುದು. ಗೊತ್ತಿಲ್ಲದ ಹೆಸರನ್ನು ಗೊತ್ತಿದ್ದಂತೆ ಬರೆಯುವುದೊಂದು ಕೂಡದು.

ಹೊಳೆಬಾಗಿಲ ಬಳಿ ವಾಸಿಸುವವರಿಗೆ ಗಡಿಯಾರಕ್ಕಿಂತಲೂ ಮುಖ್ಯವಾದ ಇನ್ನೊಂದು ಲೆಕ್ಕವುಂಟು. ಅದು ಭರತ ಇಳಿತದ ಲೆಕ್ಕ. ಪಂಚಗಂಗಾವಳಿಯ ದಿಣ್ಣೆಗಳ ಮೇಲೆ ನವೆಂಬರಿನ ಒಂದು ಸಂಜೆ ಐದು ಗಂಟೆಗೆ ನೂರಾರು ಸಣ್ಣ ಹಕ್ಕಿಗಳು ಕೆಸರನ್ನು ಕುಕ್ಕುತ್ತಾ ಓಡಾಡುವುದನ್ನು ಒಬ್ಬಳು ಕಂಡಳೆನ್ನೋಣ. ಒಂದು ವಾರ ಬಿಟ್ಟು ಅದೇ ಐದು ಗಂಟೆಗೆ ಹೋದಾಗ ಒಂದೂ ಇಲ್ಲ. ‘ಹಕ್ಕಿಗಳು ಊರು ಬಿಟ್ಟುವು’ ಎಂದು ಬರೆಯಲು ಪೆನ್ಸಿಲು ತೆಗೆಯುವಳು. ಆದರೆ ಇಳಿತವು ದಿವಸಕ್ಕೆ ಸುಮಾರು ೫೦ ನಿಮಿಷಗಳಂತೆ ಹಿಂದೆ ಬೀಳುತ್ತಾ ಹೋಗುವುದಷ್ಟೆ. ಏಳು ದಿವಸಗಳಲ್ಲಿ ಹತ್ತಿರ ಹತ್ತಿರ ಆರು ಗಂಟೆಯಾಯಿತು. ಆದಕಾರಣ ಮೊದಲು ಇಳಿತವಿದ್ದ ಹೊತ್ತಿಗೆ ಈಗ ಭರತವಿದೆ, ದಿಣ್ಣೆಯೇ ನೀರಿನೊಳಗೆ. ಹಕ್ಕಿಗಳು ಎಲ್ಲಿಯೋ ಕೋಡಿಯ ಮರಳಿನ ಮೇಲೆಯೋ ಗದ್ದೆಯ ಅಂಚಿನಲ್ಲಿಯೋ ಒಂದೇ ಕಾಲಿನ ಮೇಲೆ ನಿಂತು ನೀರು ಇಳಿಯುವುದನ್ನು ಕಾಯುತ್ತಿರುವುವು. ಮೀನುಗಾರರ ಮನೆಯ ಹುಡುಗಿಯರಿಗೆ ಈ ಲೆಕ್ಕವನ್ನು ಕಲಿಸಬೇಕಾಗಿಲ್ಲ. ಅವರೇ ನಮಗೆ ಕಲಿಸಿಯಾರು. ಗಂಗೊಳ್ಳಿಯಲ್ಲಿ ದೋಣಿಗಳು ಬರುವ ಹೊತ್ತಿಗೆ ಗರುಡ ಪಕ್ಷಿಗಳೂ ಚಳಿಗಾಲದಲ್ಲಿ ಕಡಲಕ್ಕಿಗಳೂ ಎಲ್ಲಿ ಕಾದಿರುವುವೆಂಬುದು ಅಲ್ಲಿನ ಮಕ್ಕಳಿಗೆ ಬಾಯಿಪಾಠ.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಹೇಳದೆ ಈ ಪಾಠವನ್ನು ಮುಂದುವರಿಸುವುದು ಸರಿಯಲ್ಲ.

ಒಂದು ವರ್ಷ ಮಾರ್ಚ್ ತಿಂಗಳ ಕೊನೆಯಲ್ಲಿ ಮುರಕಲ್ಲಿನ ಹಕ್ಕಲೊಂದರಲ್ಲಿ ಟಿಟ್ಟಿಭದ ಮೊಟ್ಟೆಗಳಿವೆಯೆಂದು ಸುದ್ದಿ ಬಂತು. ಪಂಚತಂತ್ರದಲ್ಲಿ ಸಮುದ್ರದೊಡನೆ ಜಗಳಕ್ಕೆ ನಿಂತ ದಂಪತಿಗಳ ಕುಲದ್ದೇ ಈ ಹಕ್ಕಿ. ಕಣ್ಣಿನ ಮುಂದೆ ಕೆಂಪು ತೊಗಲು, ಉದ್ದವಾದ ಹಳದಿ ಕಾಲು, ರಾತ್ರಿಯಲ್ಲೂ ಕಿರಿಚುವ ಕೊರಳು. ಗೂಡೆಂಬುದೇ ಇಲ್ಲ. ಬರಿಯ ನೆಲದಲ್ಲಿ ನಾಲ್ಕು ಬೆಣಚುಕಲ್ಲುಗಳ ನಡುವೆ ಕಲ್ಲಿನ ಬಣ್ಣದವೇ ಆದ ನಾಲ್ಕು ಮೊಟ್ಟೆಗಳು, ಚೂಪು ತುದಿಗಳು ಒಳಮುಖವಾಗಿ. ನಾವು ಹನ್ನೆರಡು ಮಂದಿ ಹುಡುಗಿಯರನ್ನು ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಹೋದೆವು. ಸುತ್ತ ನಿಂತೆವು. ಬಣ್ಣ, ಚುಕ್ಕೆ, ಉದ್ದ, ಅಗಲಗಳನ್ನು ಎಲ್ಲರೂ ಶ್ರದ್ಧೆಯಿಂದ ಬರೆದುಕೊಂಡರು. ತಲೆಯ ಮೇಲೆ ಎರಡು ಹಕ್ಕಿಗಳೂ ಕೂಗುತ್ತಾ ಸುತ್ತುತ್ತಲೇ ಇದ್ದುವು. ಅದನ್ನು ಸಹ ‘ಕೂಗಿದುವು’ ಎಂದು ಬರೆದುಕೊಂಡರು. ಅರ್ಧ ಗಂಟೆಯ ಮೇಲಾಯಿತು. ಅಷ್ಟು ಹೊತ್ತು ಆ ಮೊಟ್ಟೆಗಳು ಬಿಸಿಲಿನಲ್ಲಿದ್ದುವೆಂಬುದು ನಮ್ಮ ಗಮನಕ್ಕೆ ಬರಲಿಲ್ಲ. ಮರುದಿವಸ ನೋಡಿದಾಗ ಎರಡು ಮೊಟ್ಟೆಗಳಿರಲಿಲ್ಲ. ಮೂರನೆಯ ದಿವಸ ಒಂದೂ ಇರಲಿಲ್ಲ. ‘ಕಾಗೆಯು ತಿಂದಿತು’ ಎಂದು ಎಲ್ಲರ ಪುಸ್ತಕದಲ್ಲೂ ಬರೆದಿತ್ತು. ಕಾಗೆಯನ್ನು ಯಾರೂ ಕಂಡಿರಲಿಲ್ಲ. ಕಂಡದ್ದು ಇಷ್ಟೇ: ಹದಿಮೂರು ಮಂದಿ ಒಂದು ಜಾಗದಲ್ಲಿ ಬಹಳ ಹೊತ್ತು ನಿಂತಿದ್ದರು, ಆಮೇಲೆ ಮೊಟ್ಟೆಗಳಿರಲಿಲ್ಲ. ಕಾಗೆಗೂ ನಾಯಿಗೂ ಮುಂಗುಸಿಗೂ ಆ ಜಾಗವನ್ನು ತೋರಿಸಿಕೊಟ್ಟವರು ನಾವೇ ಆಗಿರಬಹುದೆಂಬ ವಾಕ್ಯವನ್ನು ಗೆರೆಯ ಆಚೆಗೆ ಬರೆಯಬೇಕಾದವರು ಸಹ ನಾವೇ.

ಮುಂದಿನ ವರ್ಷ ಅದೇ ಹಕ್ಕಲಿನಲ್ಲಿ ಟಿಟ್ಟಿಭಗಳು ಪುನಃ ಮೊಟ್ಟೆಯಿಟ್ಟುವು. ಅದೇ ಜೋಡಿಯೋ ಬೇರೆಯದೋ ಹೇಳಲಾರೆವು, ಕಾಲಿಗೆ ಬಳೆಯಿರಲಿಲ್ಲ. ಈ ಸಲ ಇಬ್ಬಿಬ್ಬರಂತೆ ಅರುವತ್ತು ಹೆಜ್ಜೆ ದೂರದ ಗೇರುಮರದ ನೆರಳಿನಲ್ಲಿ ಕೂತು ನೋಡುವುದೆಂದು ಗೊತ್ತುಮಾಡಿದೆವು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು, ಮಾತು ಕಡಮೆ, ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಅಂಕಗಳೂ ಇಲ್ಲ, ಒಂದು ಮಧ್ಯಾಹ್ನ ಹೀಗೆ ಬರೆದಳು: ‘೧೨ ಗಂಟೆ ೨೦. ಒಂದು ಹಕ್ಕಿ ತೋಡಿನ ಕಡೆಗೆ ಹೋಯಿತು. ೧೨ ಗಂಟೆ ೨೮. ಹಿಂದೆ ಬಂತು. ಹೊಟ್ಟೆಯ ಗರಿ ಒದ್ದೆ. ಮೊಟ್ಟೆಯ ಮೇಲೆ ಕೂತಿತು. ಕಾರಣ ಗೊತ್ತಿಲ್ಲ.’ ಇಂಥದನ್ನು ನಾವು ಆವರೆಗೆ ಕೇಳಿರಲಿಲ್ಲ. ದೂರದಿಂದ ನೆರಳನ್ನು ಕಂಡು ಒದ್ದೆಯೆಂದು ತಿಳಿದಿರಬೇಕೆಂದು ಎಣಿಸಿ, ಆ ಸಾಲಿನ ಕೆಳಗೆ ಕೆಂಪು ಶಾಯಿಯಿಂದ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದೆವು. ಅವಳು ವಾದಿಸಲಿಲ್ಲ. ಮಾರನೆಯ ಮಧ್ಯಾಹ್ನವೂ ಹೋಗಿ ಕೂತು, ಪುನಃ ಅದನ್ನೇ ಬರೆದುತಂದಳು.

ಬಹುಕಾಲದ ಮೇಲೆ ಪಕ್ಷಿಶಾಸ್ತ್ರದ ಬರಹಗಳನ್ನು ಓದುವಾಗ ನಮಗೆ ತಿಳಿದುಬಂತು: ಟಿಟ್ಟಿಭಗಳು ಉರಿಬಿಸಿಲಿನಲ್ಲಿ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದುಂಟು. ವಿದ್ವಾಂಸರು ಇದನ್ನು ಅನೇಕ ಸಲ ಕಂಡು ಬರೆದಿದ್ದಾರೆ. ಕಾವು ಕೊಡುವುದೆಂದರೆ ಬಿಸಿ ಮಾಡುವುದೆಂದು ಮಾತ್ರ ನಾವು ಪಾಠ ಹೇಳಿದ್ದೆವು. ನಮ್ಮ ಕರಾವಳಿಯ ಮಾರ್ಚ್ ಏಪ್ರಿಲ್‌ಗಳ ಮುರಕಲ್ಲಿನ ಮೇಲೆ ತಾಯಿಯ ಕೆಲಸವು ಎಷ್ಟೋ ಹೊತ್ತು ನೆರಳು ಕೊಡುವುದೂ ತಣಿಸುವುದೂ ಆಗಿರುತ್ತದೆ. ತಾಯಿಯ ಕೆಲಸವೆಂದು ಈಗ ಬರೆದೆವಲ್ಲ, ಅದೂ ತಪ್ಪೇ. ಗಂಡು ಹೆಣ್ಣು ಎರಡೂ ಕಾವಿಗೆ ಕೂರುವುವು. ರೂಪದಲ್ಲಿ ಒಂದೇ ತೆರನಾದುದರಿಂದ ಯಾವುದು ಯಾವುದೆಂದು ದೂರದಿಂದ ಹೇಳಲಾಗದು. ಅವಳು ‘ಒಂದು ಹಕ್ಕಿ’ ಎಂದೇ ಬರೆದಿದ್ದಳು. ಆ ಹುಡುಗಿಯು ಈ ಸಂಚಿಕೆಯನ್ನು ಓದುವಳಾದರೆ, ಕೆಂಪು ಶಾಯಿಯ ಆ ಚಿಹ್ನೆಯನ್ನು ನಾವು ಹಿಂದಕ್ಕೆ ತೆಗೆದುಕೊಂಡಿದ್ದೇವೆಂದು ತಿಳಿಯಲಿ.

ಅಂದಿನಿಂದ ಗೂಡಿನ ಬಳಿಗೆ ಹೋಗಬಾರದೆಂಬುದು ನಮ್ಮಲ್ಲಿ ನಿಯಮ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮಾತು ಬೇರೆ. ಕಾನೂನಿಲ್ಲದಿದ್ದರೂ ಹಕ್ಕಿಯು ಕೂಗಿದರೆ ನಾವು ಹೆಚ್ಚು ಸಮೀಪವಾಗಿದ್ದೇವೆಂದೇ ಅರ್ಥ. ಮನೆಯ ಚಾವಡಿಯಲ್ಲಿ ತಾನಾಗಿಯೇ ಗೂಡು ಕಟ್ಟುವ ಸೂರಕ್ಕಿಯು ಇದಕ್ಕೆ ಅಪವಾದ. ಬಟ್ಟೆ ಒಣಗಿಸುವ ಹಗ್ಗದಲ್ಲಿ, ದೀಪದ ತಂತಿಯಲ್ಲಿ, ಜೇಡರ ಬಲೆಯಿಂದ ಅಂಟಿಸಿದ ಆ ತೂಗುಚೀಲದ ಮುಂದೆ ದಿನಕ್ಕೆ ನೂರು ಸಲ ಓಡಾಡುವ ತಾಯಂದಿರಿಗೆ ದೊರೆಯುವಷ್ಟು ಅವಕಾಶವು ಯಾವ ಶಾಸ್ತ್ರಜ್ಞನಿಗೂ ದೊರೆಯದು. ಕಟ್ಟುವುದೆಲ್ಲ ಹೆಣ್ಣೇ, ಬಣ್ಣದ ಗಂಡು ಜೊತೆಯಲ್ಲಿ ಹಾರಾಡಿ ಹಾಡುವುದು. ಮರಿಗಳಾದ ಮೇಲೆ ಉಣಿಸುವುದಕ್ಕೆ ಮಾತ್ರ ಎರಡೂ ಬರುವುವು. ಅಕ್ಕಿ ಆರಿಸುತ್ತಾ ಕೂತ ಒಂದು ಗಂಟೆಯಲ್ಲಿ ಹೆಣ್ಣು ಎಷ್ಟು ಸಲ, ಗಂಡು ಎಷ್ಟು ಸಲ ಬಂತೆಂದು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿದರೂ ಅದು ದಾಖಲೆಯೇ.

ಗೀಜಗದ ಮನೆಯಲ್ಲಿ ವ್ಯವಹಾರವು ತಿರುಗುಮುರುಗು. ೧೯೩೦ರಲ್ಲಿ ಸಲೀಂ ಅಲಿಯವರು ಮುಂಬಯಿಯ ಆಚೆ ಕೀಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ದಿವಸಗಟ್ಟಲೆ ಕೂತು ಗೀಜಗಗಳನ್ನು ನೋಡಿ, ಕಟ್ಟುವುದು ಗಂಡೆಂದೂ, ಗೂಡು ಅರ್ಧವಾದಾಗ ಹೆಣ್ಣುಗಳು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ನೆಲಸುವುವೆಂದೂ, ಒಪ್ಪಿಗೆಯಾದ ಕೂಡಲೆ ಗಂಡು ಮತ್ತೊಂದು ಗೂಡಿಗೆ ಕೈಹಾಕಿ ಮತ್ತೊಬ್ಬಳನ್ನು ಕರೆಯುವುದೆಂದೂ ಕಂಡುಹಿಡಿದರು. ಅದಕ್ಕೆ ಮೊದಲು ಗೀಜಗ ದಂಪತಿಗಳ ಆದರ್ಶ ಸಂಸಾರವನ್ನು ಹೊಗಳಿದ ಉಪನ್ಯಾಸಗಳೆಷ್ಟೋ. ಗೂಡಿನೊಳಗಿನ ಹಸಿಮಣ್ಣಿಗೆ ಮಿಂಚುಹುಳಗಳನ್ನು ಅಂಟಿಸಿ ದೀಪ ಮಾಡಿಕೊಳ್ಳುವುದೆಂಬ ಮಾತು ನಮ್ಮಲ್ಲಿ ಈಗಲೂ ಉಂಟು. ಮಣ್ಣಿರುವುದು ನಿಜ. ಮಳೆ ನಿಂತ ಮೇಲೆ ತಾಳೆಮರದ ಬುಡದಲ್ಲಿ ಬಿದ್ದ ಬರಿಗೂಡುಗಳನ್ನು ಬಿಡಿಸಿ ಹುಳವಿದೆಯೋ ಎಂದು ಯಾರು ಬೇಕಾದರೂ ನೋಡಬಹುದು.

ವಲಸೆಯ ಹಕ್ಕಿಗಳ ವಿಷಯದಲ್ಲಿ ತಾರೀಕೇ ಸರ್ವಸ್ವ. ಕೊಕ್ಕರೆಯೂ ಬೆಳವವೂ ತಮ್ಮ ಬರುವ ಕಾಲವನ್ನು ಅರಿತಿವೆಯೆಂದು ಪ್ರವಾದಿಯಾದ ಯೆರೆಮೀಯನು ಎಷ್ಟೋ ಶತಮಾನಗಳ ಹಿಂದೆಯೇ ಕಂಡಿದ್ದನು. ಆದರೆ ಎಲ್ಲಿಗೆ ಹೋಗುವುವೆಂಬುದು ಬಹುಕಾಲ ತಿಳಿಯಲಿಲ್ಲ. ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪಾದ್ರಿಗಳಾದ ಗಿಲ್ಬರ್ಟ್ ವೈಟರು ೧೭೮೯ರಲ್ಲಿ ಪ್ರಕಟಿಸಿದ ಪತ್ರಗಳ ಪುಸ್ತಕವು ಇಂದಿಗೂ ಓದಲ್ಪಡುತ್ತದೆ. ನೋಡುವುದಕ್ಕೆ ಒಂದೇ ತರವಿದ್ದ ಮೂರು ಸಣ್ಣ ಹಕ್ಕಿಗಳನ್ನು ಹಾಡಿನ ಭೇದದಿಂದ ಬೇರೆಬೇರೆಯೆಂದು ಗುರುತಿಸಿದ ಅಷ್ಟು ಸೂಕ್ಷ್ಮದ ಮನುಷ್ಯರೂ ಸಹ, ಕವಲುತೋಕೆಯ ಅಂಬರಗುಬ್ಬಿಗಳಲ್ಲಿ ಕೆಲವಾದರೂ ಚಳಿಗಾಲವನ್ನು ಅಲ್ಲಿಯೇ ಅಡಗಿ ಕಳೆಯಬಹುದೆಂಬ ಸಂದೇಹವನ್ನು ಪೂರ್ತಿಯಾಗಿ ಬಿಡಲಿಲ್ಲ. ೧೯೧೧ರಲ್ಲಿ ಸ್ಟಾಫರ್ಡ್‌ಶೈರ್‌ನ ಒಂದು ಮನೆಯಲ್ಲಿ ಕಾಲಿಗೆ ಬಳೆ ತೊಡಿಸಿದ ಅಂಬರಗುಬ್ಬಿಯೊಂದು ೧೯೧೨ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಸಿಕ್ಕಿದಾಗ ಆ ಸಂದೇಹವು ತೀರಿತು. ಅದೇ ಜಾತಿಯ ಅಂಬರಗುಬ್ಬಿಗಳು ಚಳಿಗಾಲದಲ್ಲಿ ನಮ್ಮ ಗದ್ದೆಗಳ ಮೇಲಿನ ತಂತಿಗಳಲ್ಲಿ ಸಾಲುಗಟ್ಟಿ ಕೂರುವುವು. ಇವು ಬರುವುದು ಬ್ರಿಟನ್ನಿನಿಂದಲ್ಲ, ಏಷ್ಯದ ಉತ್ತರ ಭಾಗಗಳಿಂದ. ಹೊಳೆಯ ಕಲ್ಲುಗಳ ಮೇಲೆ ಹಿಂಭಾಗವನ್ನು ಕುಲುಕಿಸುತ್ತಾ ಓಡುವ ಸಣ್ಣ ಗೊರವವೂ, ಹಳದಿ ಹೊಟ್ಟೆಯ ಬೂದು ಸಿಪಿಲೆಯೂ ಹಾಗೆಯೇ ಆ ದೇಶದಲ್ಲಿಯೂ ಗೂಡು ಕಟ್ಟುವ ಜಾತಿಗಳು. ಗೊರವವು ಆಗಸ್ಟಿನ ಮಳೆ ನಿಲ್ಲುವ ಮೊದಲೇ ನಮ್ಮ ಕಡವುಗಳಲ್ಲಿ ಕಾಣಿಸಿಕೊಳ್ಳುವುದು. ನೀರು ತರುವಾಗ, ಬಸ್ಸಿಗೆ ಕಾಯುವಾಗ ಕಂಡ ಮೊದಲ ದಿವಸವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವರ್ಷದ ಕೊನೆಗೆ ಆ ಕ್ಯಾಲೆಂಡರನ್ನು ಪುಸ್ತಕಕ್ಕೆ ಹೊದಿಸದೆ ಇಟ್ಟುಕೊಂಡರೆ ಸಾಕು.

ಮದುವೆಯಾದ ಮೇಲೆ ಇದೆಲ್ಲಕ್ಕೆ ಪುರಸೊತ್ತು ಎಲ್ಲಿ ಎಂದು ಹಳೆಯ ವಿದ್ಯಾರ್ಥಿನಿಯರು ಕೇಳುವುದು ನ್ಯಾಯವಾದದ್ದೇ. ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ ಮಾರ್ಗರೆಟ್ ಮೋರ್ಸ್ ನೈಸ್ ಎಂಬ ಮಹಿಳೆಯು ಐದು ಹೆಣ್ಣುಮಕ್ಕಳನ್ನು ಹೆತ್ತು ಸಾಕುತ್ತಾ, ಮನೆಯ ಬಳಿಯ ಹೊಳೆದಂಡೆಯಲ್ಲಿ ಹಾಡುಗುಬ್ಬಿಗಳನ್ನು ವರ್ಷಗಟ್ಟಲೆ ನೋಡಿ ಬರೆದ ಎರಡು ಸಂಪುಟಗಳು ೧೯೩೭ರಲ್ಲಿಯೂ ೧೯೪೩ರಲ್ಲಿಯೂ ಹೊರಬಂದುವು. ನಮ್ಮ ದೇಶದಲ್ಲಿ ಜಮಾಲ್ ಆರಾ ಅವರು ಬಿಹಾರದ ಕಾಡುಗಳಲ್ಲಿ ತಿರುಗಿ ಹಕ್ಕಿಗಳ ಮೇಲೆ ಬರೆದರು. ಮಕ್ಕಳಿಗಾಗಿ ಅವರು ಬರೆದ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟಿನವರು ೧೯೭೦ರಲ್ಲಿ ಪ್ರಕಟಿಸಿದರು.

ಈಗ ದೂರವಾಣಿಯಲ್ಲಿಯೇ ಪಟ್ಟಿ ಮಾಡಿ ಕಳುಹಿಸುವ ಅನುಕೂಲವಿದೆ. ಪ್ರತಿ ಫೆಬ್ರವರಿಯಲ್ಲಿ ಹಿತ್ತಿಲ ಹಕ್ಕಿಗಳ ಲೆಕ್ಕವೂ ನಡೆಯುತ್ತದೆ. ಇಂಥ ಸಾಮಾನ್ಯ ಜನರ ಪಟ್ಟಿಗಳಿಂದಲೇ ೨೦೨೩ರಲ್ಲಿ ಭಾರತದ ೯೪೨ ಜಾತಿಯ ಹಕ್ಕಿಗಳ ಸ್ಥಿತಿಯನ್ನು ಪರಿಶೀಲಿಸಿ, ೧೭೮ ಜಾತಿಗಳಿಗೆ ಕೂಡಲೆ ಗಮನ ಬೇಕೆಂದು ವರದಿಯಾಯಿತು. ಕೆಸರುದಿಣ್ಣೆಗಳಿಗೆ ವಲಸೆ ಬರುವ ಸಣ್ಣ ಹಕ್ಕಿಗಳಲ್ಲಿ ಅನೇಕವು ಕಡಮೆಯಾಗುತ್ತಿವೆ. ಪಟ್ಟಿಯನ್ನು ಕಳುಹಿಸಿರಿ, ಆದರೆ ಪಟ್ಟಿಯಲ್ಲಿ ಹೆಸರೂ ಸಂಖ್ಯೆಯೂ ಹೋಗುವುದಲ್ಲದೆ ‘ಹೊಟ್ಟೆಯ ಗರಿ ಒದ್ದೆ’ ಎಂಬುದು ಸಾಧಾರಣವಾಗಿ ಹೋಗುವುದಿಲ್ಲ. ಅದಕ್ಕೆ ಕಿಸೆಯ ಪುಸ್ತಕವೇ ಬೇಕು.

ಕೊನೆಗೆ ಹಿರಿಯ ವಾಚಕರಲ್ಲಿ ಒಂದು ವಿಚಾರಣೆ. ಸತ್ತ ದನಕ್ಕೆ ರಣಹದ್ದುಗಳು ಇಳಿಯುತ್ತಿದ್ದುದನ್ನು ಕಂಡಿದ್ದೇವೆಂದು ಊರಿನ ಅನೇಕ ವೃದ್ಧರು ಹೇಳುವರು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಅವುಗಳ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುವುದೆಂದು ೨೦೦೪ರಲ್ಲಿ ತಿಳಿಯಿತು. ೨೦೦೬ರಲ್ಲಿ ಪಶುಗಳಿಗೆ ಆ ಮದ್ದನ್ನು ಸರ್ಕಾರವು ನಿಷೇಧಿಸಿತು. ಅಷ್ಟರಲ್ಲಿ ದೇಶದ ರಣಹದ್ದುಗಳಲ್ಲಿ ಬಹುಭಾಗವು ಇಲ್ಲದಾಗಿತ್ತು. ನಮ್ಮ ಮೂರು ತಾಲೂಕುಗಳಲ್ಲಿ ಕೊನೆಯದಾಗಿ ಯಾವ ಬಯಲಿನಲ್ಲಿ, ಯಾವ ವರ್ಷ, ಎಷ್ಟು ಹಕ್ಕಿಗಳನ್ನು ಕಂಡಿರೆಂದು ಕೇಳಿದರೆ, ‘ಹಿಂದೆ ತುಂಬ ಇದ್ದುವು’ ಎಂಬುದೇ ಉತ್ತರ. ತಾರೀಕು ನೆನಪಿಲ್ಲದಿದ್ದರೆ ಚಿಂತೆಯಿಲ್ಲ. ಮಗಳ ಮದುವೆಯ ಮೊದಲೋ ಆಮೇಲೋ, ಮನೆಗೆ ವಿದ್ಯುತ್ ಬಂದಿತ್ತೋ ಇಲ್ಲವೋ, ಹೊಳೆಗೆ ಸೇತುವೆಯಾಗಿತ್ತೋ ದೋಣಿಯಲ್ಲಿ ದಾಟುತ್ತಿದ್ದಿರೋ ಎಂದು ಯೋಚಿಸಿದರೆ ಒಂದೆರಡು ವರ್ಷಗಳ ಅಂತರಕ್ಕೆ ಬರಬಹುದು. ಮನೆಯ ಮಕ್ಕಳು ಪೆನ್ಸಿಲು ಹಿಡಿದು ಹತ್ತಿರ ಕೂತು, ಅಜ್ಜಿಯು ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಎಡಗಡೆಗೆ ಬರೆದು, ಇವರ ಲೆಕ್ಕವನ್ನು ಗೆರೆಯ ಆಚೆ ಬಲಗಡೆಗೆ ಹಾಕಲಿ.